ಒಬ್ಬರೇ ಹೋಗಿ ನೋಡುವ ಶಿವಮೊಗ್ಗ: ಕಲ್ಲು, ಮರ, ತಾಳೆಗರಿಯ ಎರಡು ದಿನ

ಎಸಿ ಹಾಲ್, ಗೋಡೆ ತುಂಬ ತೈಲಚಿತ್ರ ಬೇಕೆನ್ನುವವರಿಗೆ ಬೆಂಗಳೂರೇ ಸರಿ. ಶಿವಮೊಗ್ಗದ ಕಡೆ ಸಿಗುವುದು ಕೆತ್ತಿದ ಕಲ್ಲು, ಮರ, ತಾಳೆಗರಿ. ಮೂರನ್ನೂ ನಿಧಾನಕ್ಕೆ ನೋಡಬೇಕು. ಪಕ್ಕದಲ್ಲಿ ಯಾರಾದರೂ ‘ಆಯ್ತಾ, ಹೊರಡೋಣ್ವಾ?’ ಅನ್ನುತ್ತಿದ್ದರೆ ಕೆಲಸ ಕೆಟ್ಟಿತು.

ಮೊದಲ ದಿನ ಪೂರ್ತಿ ತುಂಗೆಯ ದಂಡೆಯ ಶಿವಪ್ಪನಾಯಕ ಅರಮನೆ ಮ್ಯೂಸಿಯಂಗೆ ಇಡಿ. ಕೆಳದಿಯ ಅರಸ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಈ ಕಟ್ಟಡವನ್ನು ಮಾತ್ರ 18ನೇ ಶತಮಾನದ್ದು, ಹೈದರಾಲಿ ಕಾಲದ್ದು ಎನ್ನುತ್ತಾರೆ. ಯಾರದ್ದಾದರೂ ಇರಲಿ, ದರ್ಬಾರ್ ಹಾಲಿನ ದಪ್ಪ ಮರದ ಕಂಬಗಳೂ ಅವುಗಳ ನಡುವಿನ ಬಳುಕು ಕಮಾನುಗಳೂ ಇಲ್ಲಿನ ಮೊದಲ ಪ್ರದರ್ಶನ.

ಆದರೆ ಬಂದವರು ಹೆಚ್ಚಾಗಿ ಒಳಗೊಂದು ಸುತ್ತು ಹಾಕಿ, ಸೆಲ್ಫಿ ತೆಗೆದು ಹೋಗುತ್ತಾರೆ. ಅಂಗಳದ ಕಲ್ಲುಗಳನ್ನು ಯಾರೂ ನೋಡುವುದಿಲ್ಲ, ನೋಡಬೇಕಾದದ್ದು ಅವನ್ನೇ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿ. ತಳದ ಪಟ್ಟಿಯಲ್ಲಿ ಕಾಳಗ. ತುರುಗಳಿದ್ದರೆ ಅದು ದನ ಬಿಡಿಸಲು ಹೋಗಿ ಸತ್ತವನ ಕಲ್ಲು. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕೂತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಶಾಸನವಿದ್ದರೆ ಪಟ್ಟಿಗಳ ನಡುವಿನ ಅಂಚಿನಲ್ಲಿ ಹುಡುಕಿ. ಕಂಬದಿಂದ ಹೊರಟ, ಬಳೆ ತೊಟ್ಟ ಮಡಚಿದ ತೋಳು ಕಂಡರೆ ಅದು ಮಾಸ್ತಿಗಲ್ಲು, ಸಹಗಮನ ಮಾಡಿದವಳ ನೆನಪಿನ ಕಲ್ಲು.

ಹೊತ್ತು ತಪ್ಪಿದರೆ ಇದೊಂದೂ ಕಾಣುವುದಿಲ್ಲ. ನಡುಮಧ್ಯಾಹ್ನ ನೆತ್ತಿಯ ಬಿಸಿಲಿಗೆ ಉಬ್ಬುಕೆತ್ತನೆ ಚಪ್ಪಟೆಯಾಗುತ್ತದೆ, ಸವೆದ ಅಕ್ಷರ ಮಾಯವಾಗುತ್ತದೆ. ಬಾಗಿಲು ತೆರೆದ ಕೂಡಲೇ ಹೋಗಿ, ಇಲ್ಲವೇ ನಾಲ್ಕರ ಮೇಲೆ. ಮೋಡ ಕವಿದ ದಿನ ಮೊಬೈಲ್ ಟಾರ್ಚನ್ನು ಕಲ್ಲಿನ ಬದಿಯಿಂದ ಓರೆಯಾಗಿ ಹಿಡಿಯಿರಿ, ಎದುರಿನಿಂದ ಬೇಡ; ಅಲ್ಲಿಯ ಸಿಬ್ಬಂದಿಯನ್ನು ಒಂದು ಮಾತು ಕೇಳಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವ ಮಹಾನುಭಾವರಿದ್ದಾರೆ, ದಯವಿಟ್ಟು ಆ ಸಾಲಿಗೆ ಸೇರಬೇಡಿ. ಸೋಮವಾರ ಸರ್ಕಾರಿ ಮ್ಯೂಸಿಯಂಗಳಿಗೆ ರಜೆ, ಆ ದಿನ ಹೊರಡಬೇಡಿ.

ಎರಡನೇ ದಿನ ಸಾಗರ. ಬಸ್ಸು ಧಾರಾಳ, ತಾಳಗುಪ್ಪ ರೈಲಾದರೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬೇಕು. ಕೆಳದಿ, ಇಕ್ಕೇರಿ ಬೇರೆ ಬೇರೆ ದಿಕ್ಕಿಗಿವೆ, ಆಟೊವನ್ನು ಎರಡಕ್ಕೂ ಸೇರಿಸಿ, ಕಾಯುವುದನ್ನೂ ಹೇಳಿ ಮಾತಾಡಿಕೊಳ್ಳಿ. ಹೋಗುವುದಕ್ಕೆ ಮಾತ್ರ ಮಾತಾಡಿದರೆ ವಾಪಸ್ ಬರಲು ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ.

ಕೆಳದಿಯ ವಸ್ತುಸಂಗ್ರಹಾಲಯ ಚಿಕ್ಕದು, ಸಂಗ್ರಹ ದೊಡ್ಡದು: ತಾಳೆಗರಿ, ತಾಮ್ರಶಾಸನ, ಕಾಗದದ ಹಸ್ತಪ್ರತಿ. ತಾಳೆಗರಿಗಳಲ್ಲಿ ತಿಗಳಾರಿ ಲಿಪಿಯವೂ ಇವೆ, ಕನ್ನಡ ಬಲ್ಲವರಿಗೂ ಓದಲಾಗುವುದಿಲ್ಲ. ಕಂಟದಿಂದ, ಅಂದರೆ ಕಬ್ಬಿಣದ ಮೊನೆಯಿಂದ ಗೀರಿ, ಆಮೇಲೆ ಮಸಿ ಒರೆಸಿದ ಬರಹ. ಮಸಿ ಹೋದ ಕಡೆ ಬರೀ ಗೀರು. ಮಲೆನಾಡಿನ ತೇವ, ಹುಳು ಎರಡನ್ನೂ ದಾಟಿ ಇವು ಉಳಿದಿರುವುದೇ ದೊಡ್ಡದು. ಅಲ್ಲಿಂದ ರಾಮೇಶ್ವರ ದೇವಸ್ಥಾನದ ಆವರಣಕ್ಕೆ ಹೋಗಿ. ವೀರಭದ್ರನ ಗುಡಿಯ ಛಾವಣಿಯಲ್ಲಿ ಗಂಡಭೇರುಂಡವಿದೆ. ಕತ್ತೆತ್ತದೆ ಬಂದರೆ ಸಿಗುವುದಿಲ್ಲ.

ಇಕ್ಕೇರಿಯ ಅಘೋರೇಶ್ವರದಲ್ಲಿ ತದ್ವಿರುದ್ಧ, ನೆಲ ನೋಡಬೇಕು. ಗರ್ಭಗುಡಿಯ ಮುಂದೆ ನಮಸ್ಕರಿಸುತ್ತಿರುವ ಮೂವರು ಕೆಳದಿ ಅರಸರ ಉಬ್ಬುಚಿತ್ರಗಳಿವೆ, ಮೇಲೆ ಹೆಸರೂ ಇದೆ. ಒಬ್ಬನ ಕೈಕಾಲಿಗೆ ಕೋಳ! ಸಂಗ್ರಹಾಲಯದ ಗಾಜಿನೊಳಗೆ ಇಡಬೇಕಾದ ಕೆಲಸ, ಕಾಲಡಿಯಲ್ಲಿದೆ.

ಸಾಗರದಲ್ಲಿ ಹಸೆ ಚಿತ್ತಾರ (ಮನೆಗೋಡೆಯ ಜನಪದ ಚಿತ್ರಕಲೆ) ಕೊಳ್ಳುವವರು ಬಣ್ಣ ಯಾವುದೆಂದು ಕೇಳಿ. ದೀವರ ಸಮುದಾಯದ ಹೆಂಗಸರ ಹಳೆಯ ಕ್ರಮದಲ್ಲಿ ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಹುರಿದು ಕರಿದಾಗಿಸಿದ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಕುಂಚ ಪುಂಡಿನಾರಿನದು. ಮಿರಮಿರ ಮಿಂಚುತ್ತಿದ್ದರೆ ಡಬ್ಬಿ ಬಣ್ಣವೇ.

ಕುಪ್ಪಳಿಯಲ್ಲಿರುವ ಕುವೆಂಪು ಕವಿಮನೆಯನ್ನು ಇದೇ ಎರಡು ದಿನಕ್ಕೆ ತುರುಕಬೇಡಿ. ಅದು ತೀರ್ಥಹಳ್ಳಿ ದಾರಿ. ಸಾಗರದ ಜೊತೆ ಒಂದೇ ದಿನ ಮಾಡಹೋದರೆ ಹೊತ್ತೆಲ್ಲ ಬಸ್ಸಿನಲ್ಲೇ ಕಳೆಯುತ್ತದೆ.