ಜೋಮು ಹಿಡಿಯದ ಕೈಗಳು: ತುಮಕೂರು–ಪೀಣ್ಯ ಹೆದ್ದಾರಿಯಲ್ಲಿ ಹೋಂಡಾ ಯೂನಿಕಾರ್ನ್

ದಿನವೂ ಹೆದ್ದಾರಿಯಲ್ಲಿ ಬೈಕು ಓಡಿಸಿಕೊಂಡು ಕೆಲಸಕ್ಕೆ ಹೋಗುವವರನ್ನು ಎಲ್ಲರೂ ಮೊದಲು ಕೇಳುವುದು ಮೈಲೇಜ್ ಎಷ್ಟು ಕೊಡುತ್ತದೆ ಎಂದು. ಆ ಲೆಕ್ಕವನ್ನೂ ಮುಂದೆ ಕೊಡುತ್ತೇನೆ. ಆದರೆ ತುಮಕೂರಿನ ಮನೆಯಿಂದ ಪೀಣ್ಯದ ಕಾರ್ಖಾನೆಗೆ, ಮತ್ತೆ ಅಲ್ಲಿಂದ ಮನೆಗೆ, ದಿನಕ್ಕೆ ಸುಮಾರು 120 ಕಿಲೋಮೀಟರ್ ದಾರಿಯನ್ನು ಮೂರು ವರ್ಷಕ್ಕೂ ಮೀರಿ ಹೋಂಡಾ ಯೂನಿಕಾರ್ನ್ ಮೇಲೆ ಓಡಾಡಿದ ನನಗೆ ಈಗ ಮುಖ್ಯವೆನಿಸುವುದು ಬೇರೆಯೇ ಒಂದು ಸಂಗತಿ: ಬೈಕಿನಿಂದ ಇಳಿದು ಗ್ಲೌಸ್ ಕಳಚಿದಾಗ ಬೆರಳುಗಳಲ್ಲಿ ಸ್ಪರ್ಶ ಉಳಿದಿರುತ್ತದೆಯೋ ಇಲ್ಲವೋ ಎಂಬುದು.

ಇದು ಅತಿಯಾಯಿತು ಎನ್ನಿಸಬಹುದು. ನಾನು ಟೂಲ್ ರೂಮಿನಲ್ಲಿ, ಅಂದರೆ ಕಾರ್ಖಾನೆಯ ಉಪಕರಣಗಳನ್ನು ತಯಾರಿಸುವ ವಿಭಾಗದಲ್ಲಿ, ಕೆಲಸ ಮಾಡುವವನು. ಪಾಳಿ ಶುರುವಾದ ಕೂಡಲೇ ಕೈಗೆ ಅತಿ ಸೂಕ್ಷ್ಮ ಅಳತೆಯ ಮೈಕ್ರೋಮೀಟರ್ ಬರುತ್ತದೆ, ಮತ್ತು ಅದರ ತಿರುಪು ಬಿಡಿಭಾಗಕ್ಕೆ ತಾಗಿತೋ ಇಲ್ಲವೋ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಬೇಕು. ಹಿಂದೆ ನನ್ನ ಬಳಿ ಇದ್ದ ನೂರು ಸಿಸಿ ಬೈಕಿನಲ್ಲಿ ಇದೇ ದಾರಿಯನ್ನು ಎಪ್ಪತ್ತೈದರ ವೇಗದಲ್ಲಿ ಸಾಗಿ ಬಂದರೆ ಅಂಗೈಯಿಂದ ಮೊಣಕೈವರೆಗೆ ಜೋಮು ಹಿಡಿಯುತ್ತಿತ್ತು. ಚಹಾ ಕುಡಿದು, ಕೈ ಕೊಡವಿ, ಅದು ಇಳಿಯುವವರೆಗೆ ಅಳತೆಯ ಕೆಲಸವನ್ನು ಪಕ್ಕದವರಿಗೆ ವಹಿಸಬೇಕಾಗುತ್ತಿತ್ತು. ಆ ಬೈಕು ಕೆಟ್ಟದ್ದೇನೂ ಅಲ್ಲ. ಊರೊಳಗೆ ನಲವತ್ತು–ಐವತ್ತರ ವೇಗದಲ್ಲಿ ಓಡಲೆಂದು ಮಾಡಿದ ಎಂಜಿನ್ನಿನಿಂದ ಗಂಟೆಗಟ್ಟಲೆ ಹೆದ್ದಾರಿಯ ವೇಗವನ್ನು ಹಿಂಡುತ್ತಿದ್ದೆ, ಅಷ್ಟೆ.

ಸಿಂಗಲ್ ಸಿಲಿಂಡರ್ ಎಂಜಿನ್ನಿನ ಸ್ವಭಾವವೇ ಅಂಥದ್ದು. ಒಂದೇ ಪಿಸ್ಟನ್ ಮೇಲೆ ಕೆಳಗೆ ಬಡಿಯುವಾಗ ಅದನ್ನು ಸರಿದೂಗಿಸಲು ಇನ್ನೊಂದು ಪಿಸ್ಟನ್ ಇರುವುದಿಲ್ಲ. ಎಂಜಿನ್ನಿನ ಸುತ್ತು ಏರಿದಷ್ಟೂ ಆ ನಡುಕದ ಬಲ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: ಸುತ್ತು ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಸಣ್ಣ ಎಂಜಿನ್ ಅದೇ ವೇಗಕ್ಕೆ ಹೆಚ್ಚು ಸುತ್ತಬೇಕು, ಹಾಗಾಗಿ ಹೆಚ್ಚು ನಡುಗುತ್ತದೆ. ಯೂನಿಕಾರ್ನಿನ 162.7 ಸಿಸಿ ಎಂಜಿನ್ನಿನೊಳಗೆ ಪಿಸ್ಟನ್ನಿನ ಬಡಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕಿಗೆ ವಿರುದ್ಧವಾಗಿ ತಿರುಗುವ ಬ್ಯಾಲೆನ್ಸರ್ ತೂಕವೊಂದು ಇದೆ. ಪಿಸ್ಟನ್ ಒಂದು ಕಡೆಗೆ ದಬ್ಬಿದಾಗ ಇದು ಇನ್ನೊಂದು ಕಡೆಗೆ ಎಳೆದು ನಡುಕವನ್ನು ಬಹುಮಟ್ಟಿಗೆ ಅಳಿಸುತ್ತದೆ. ಷೋರೂಮಿನಲ್ಲಿ ಈ ಭಾಗದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಬಣ್ಣ, ಕಂತು, ವಿಮೆ ಇಷ್ಟರಲ್ಲೇ ಮಾತು ಮುಗಿದಿತ್ತು.

ಹೆದ್ದಾರಿಗೆ ಎಷ್ಟು ದೊಡ್ಡ ಎಂಜಿನ್ ಬೇಕು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಕಾನೂನೇ ಅರ್ಧ ಉತ್ತರ ಕೊಟ್ಟಿದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗಿರುವ ಗರಿಷ್ಠ ಮಿತಿ ಗಂಟೆಗೆ 80 ಕಿಲೋಮೀಟರ್. ಆದ್ದರಿಂದ ನೂರಿಪ್ಪತ್ತರಲ್ಲಿ ಓಡುವ ಶಕ್ತಿಗೆ ದುಡ್ಡು ಕೊಡುವುದು, ನನ್ನಂತೆ ಸಂಬಳದಲ್ಲಿ ಪೆಟ್ರೋಲಿನ ಪಾಲನ್ನು ಮೊದಲೇ ಎತ್ತಿಡುವವನಿಗೆ, ಅನಗತ್ಯ. ಬೇಕಾದದ್ದು ಎಪ್ಪತ್ತು–ಎಂಬತ್ತರಲ್ಲಿ ಏದುಸಿರು ಬಿಡದೆ ಓಡುವ, ಲಾರಿಯನ್ನು ದಾಟಲು ಇನ್ನೊಂದಿಷ್ಟು ಶಕ್ತಿಯನ್ನು ಕೈಯಲ್ಲಿ ಇಟ್ಟುಕೊಂಡಿರುವ ಎಂಜಿನ್. 125 ಸಿಸಿ ವರ್ಗದ ಬೈಕುಗಳನ್ನೂ ಗಂಭೀರವಾಗಿಯೇ ನೋಡಿದ್ದೆ. ಅವನ್ನು ಬಿಟ್ಟದ್ದಕ್ಕೆ ಮುಖ್ಯ ಕಾರಣ ಬ್ರೇಕು: 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು, 125 ಸಿಸಿ ಮತ್ತು ಅದಕ್ಕಿಂತ ಕೆಳಗಿನವಕ್ಕೆ ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿಯುವ ಸಿಬಿಎಸ್ ಇದ್ದರೆ ಸಾಕೆಂದಾಯಿತು. ಮಳೆಗಾಲದಲ್ಲಿ ದಾಬಸ್‌ಪೇಟೆಯ ಆಸುಪಾಸಿನಲ್ಲಿ ಮುಂದಿನ ಟ್ರಕ್ಕು ಹೇಳದೆ ಕೇಳದೆ ಪಥ ಬದಲಿಸಿದಾಗ ಮುಂಚಕ್ರ ಲಾಕ್ ಆಗದಿರುವುದರ ಬೆಲೆಯನ್ನು ನಾನು ಪೆಟ್ರೋಲಿನ ಉಳಿತಾಯದ ಜೊತೆ ತೂಗಲಾರೆ. ಯೂನಿಕಾರ್ನಿನಲ್ಲಿ ಎಬಿಎಸ್ ಇರುವುದು ಮುಂಚಕ್ರಕ್ಕೆ ಮಾತ್ರ, ಹಿಂದೆ ಡ್ರಮ್ ಬ್ರೇಕು. ಇದನ್ನು ತಿಳಿದೇ ಕೊಂಡೆ, ಅಂತರ ಬಿಟ್ಟು ಓಡಿಸುತ್ತೇನೆ.

350 ಸಿಸಿಯ ಬೈಕುಗಳು ಹೆದ್ದಾರಿಗೆ ಹೇಳಿ ಮಾಡಿಸಿದಂತಿವೆ ಎಂಬುದನ್ನು ಒಪ್ಪುತ್ತೇನೆ. 195 ಕಿಲೋ ತೂಗುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಪಕ್ಕದಲ್ಲಿ ಬಸ್ಸು ಹಾದುಹೋದಾಗಲೂ ಅಲುಗದೆ ನಿಲ್ಲುತ್ತದೆ, 140 ಕಿಲೋದ ನನ್ನ ಬೈಕು ಒಂದು ಗೇಣು ಸರಿಯುತ್ತದೆ. ಆದರೆ ಆ ತೂಕವನ್ನು ದಾಸರಹಳ್ಳಿಯಿಂದ ಜಾಲಹಳ್ಳಿ ಕ್ರಾಸಿನವರೆಗೆ ಅರ್ಧ ಕ್ಲಚ್ಚಿನಲ್ಲಿ ತಳ್ಳಿಕೊಂಡು ಹೋಗಬೇಕಲ್ಲ. ಪೆಟ್ರೋಲಿನ ಖರ್ಚೂ ಒಂದೂವರೆ ಪಟ್ಟಿಗೆ ಹತ್ತಿರ ಬರುತ್ತದೆ. 2024ರ ಜುಲೈನಲ್ಲಿ ಬಜಾಜ್ ಬಿಡುಗಡೆ ಮಾಡಿದ ಸಿಎನ್‌ಜಿ ಬೈಕು ಫ್ರೀಡಂ 125 ಆಗಲೇ ಸಿಗುತ್ತಿದ್ದರೆ ಲೆಕ್ಕ ಹಾಕಿ ನೋಡುತ್ತಿದ್ದೆನೇನೋ. ಎರಡು ಕಿಲೋ ಅನಿಲದ ಸಿಲಿಂಡರಿಗಾಗಿ ಬಂಕಿನಲ್ಲಿ ಆಟೋಗಳ ಸಾಲಿನಲ್ಲಿ ನಿಲ್ಲುವ ತಾಳ್ಮೆ ನನಗಿಲ್ಲವೆಂದು ಆ ಲೆಕ್ಕವೂ ಬಹುಶಃ ಅಲ್ಲಿಗೇ ನಿಲ್ಲುತ್ತಿತ್ತು. ರೈಲಿನಲ್ಲಿ ಹೋಗಬಾರದೇ ಎಂದು ಕೇಳುವವರಿಗೆ: ಮೊದಲ ಪಾಳಿಯವರು ಹೋಗುತ್ತಾರೆ. ಎರಡನೇ ಪಾಳಿ ಮುಗಿಸಿ ಹೊರಬರುವ ಹೊತ್ತಿಗೆ ರೈಲಿನ ವೇಳಾಪಟ್ಟಿ ನಮ್ಮನ್ನು ಮರೆತಿರುತ್ತದೆ. 2024ರ ನವೆಂಬರಿನಲ್ಲಿ ಮೆಟ್ರೋ ನಾಗಸಂದ್ರದಿಂದ ಮಾದಾವರದವರೆಗೆ ಬಂದ ಮೇಲೆ, ಬೈಕನ್ನು ಅಲ್ಲಿ ನಿಲ್ಲಿಸಿ ಊರೊಳಗಿನ ದಟ್ಟಣೆಯನ್ನು ತಪ್ಪಿಸಿಕೊಳ್ಳುವ ಸಹೋದ್ಯೋಗಿಗಳಿದ್ದಾರೆ. ಪಾಳಿಯ ವೇಳೆ ಹೊಂದಿದರೆ ಅದು ಒಳ್ಳೆಯ ಏರ್ಪಾಡು.

ಈಗ ಮೈಲೇಜು. ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ತುಂಬಿಸಿ ಅಳೆಯುವುದು ನನ್ನ ಪದ್ಧತಿ. ವೇಗವನ್ನು ಅರವತ್ತೈದರಿಂದ ಎಪ್ಪತ್ತರೊಳಗೆ ಹಿಡಿದಿಟ್ಟರೆ ಲೀಟರಿಗೆ ಐವತ್ತೈದು ಕಿಲೋಮೀಟರಿನ ಹತ್ತಿರ ಬರುತ್ತದೆ. ಎಂಬತ್ತರಲ್ಲೇ ಓಡಿಸಿದ ವಾರ ಐವತ್ತಕ್ಕಿಂತ ಕೆಳಗೆ ಇಳಿಯುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಇದು ಯಾವ ಬೈಕಿಗೂ ತಪ್ಪಿದ್ದಲ್ಲ. ಐವತ್ತನ್ನೇ ಹಿಡಿದರೂ ದಿನಕ್ಕೆ 2.4 ಲೀಟರ್, ಪೆಟ್ರೋಲು ಲೀಟರಿಗೆ 102 ರೂಪಾಯಿ ಎಂದಿಟ್ಟುಕೊಂಡರೆ 245 ರೂಪಾಯಿ. ಲೀಟರಿಗೆ 65 ಕೊಡುವ ನೂರು ಸಿಸಿ ಬೈಕಿನಲ್ಲಾದರೆ 190 ರೂಪಾಯಿಯೊಳಗೆ ಮುಗಿಯುತ್ತದೆ. ತಿಂಗಳಿಗೆ ಇಪ್ಪತ್ತೈದು ದಿನಗಳ ಕೆಲಸವೆಂದುಕೊಂಡರೆ ವ್ಯತ್ಯಾಸ ಸುಮಾರು 1,400 ರೂಪಾಯಿ. ನನ್ನ ಬಜೆಟ್ಟಿನಲ್ಲಿ ಅದು ಸಣ್ಣ ಮೊತ್ತವಲ್ಲ, ಮನೆಯಲ್ಲಿ ಈ ಬಗ್ಗೆ ಮಾತು ಬಂದಾಗಲೆಲ್ಲ ನಾನು ವಿಷಯ ಬದಲಿಸುತ್ತೇನೆ. ಆದರೂ ಆ ಹಣಕ್ಕೆ ನಾನು ಕೊಂಡುಕೊಳ್ಳುತ್ತಿರುವುದು ಏನೆಂಬುದು ಪಾಳಿಯ ಮೊದಲ ಗಂಟೆಯಲ್ಲಿ ಗೊತ್ತಾಗುತ್ತದೆ.

ಬೆಳಗಿನ ಪಾಳಿಯಿದ್ದಾಗ ಹೊರಡುವ ಮುನ್ನ ಚಕ್ರದ ಗಾಳಿ ನೋಡುವುದು ನನ್ನ ನಿತ್ಯಕರ್ಮ. ಟೈರು ತಣ್ಣಗಿರುವಾಗ ನೋಡಿದ ಅಳತೆಯೇ ಸರಿಯಾದ ಅಳತೆ. ಹತ್ತು ಕಿಲೋಮೀಟರ್ ಓಡಿದ ಮೇಲೆ ಬಂಕಿನಲ್ಲಿ ನೋಡಿದರೆ ಒಳಗಿನ ಗಾಳಿ ಬಿಸಿಯಾಗಿ ಒತ್ತಡ ಏರಿರುತ್ತದೆ, ಅದನ್ನು ನಂಬಿ ಇಳಿಸಿದರೆ ಮರುದಿನ ಕಡಿಮೆಯಾಗಿರುತ್ತದೆ. ಅದಕ್ಕೇ ಒಂದು ಗೇಜನ್ನೂ ಕಾಲಿನಿಂದ ಒತ್ತುವ ಪಂಪನ್ನೂ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ವಾಲ್ವಿನ ಮುಚ್ಚಳ ತೆಗೆದು, ಎಂಜಲಿನ ಒಂದು ಹನಿಯನ್ನು ಬೆರಳಿನಿಂದ ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಿ, ಆಮೇಲೆ ಗೇಜು ಒತ್ತುತ್ತೇನೆ. ಹೆದ್ದಾರಿಯ ಬಂಕುಗಳಲ್ಲಿ ಗಾಳಿ ಹಾಕುವ ಹುಡುಗರು ಯಾವ ಬೈಕಿಗೂ ಕೇಳದೆ ಕಾರಿನಷ್ಟು ತುಂಬುವುದನ್ನು ನೋಡಿದ್ದೇನೆ. ಬಿಗಿಯಾದ ಟೈರು ರಸ್ತೆಯ ಪ್ರತಿಯೊಂದು ಜೋಡಣೆಯನ್ನೂ ನೇರವಾಗಿ ಹ್ಯಾಂಡಲ್ಲಿಗೆ ತಲುಪಿಸುತ್ತದೆ. ರಾತ್ರಿ ಮನೆಗೆ ಬಂದ ಮೇಲೆ, ಮೂರು ದಿನಕ್ಕೊಮ್ಮೆ, ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿಗೆ ತಂದು, ಹಿಂಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಚೈನಿಗೆ ಎಣ್ಣೆ ಬಿಡುತ್ತೇನೆ. ಓಡಿ ಬಂದ ಚೈನು ಬಿಸಿಯಿರುವುದರಿಂದ ಎಣ್ಣೆ ಒಳಗಿಳಿಯುತ್ತದೆ, ಬೆಳಗಾಗುವಷ್ಟರಲ್ಲಿ ಕೂತುಕೊಳ್ಳುತ್ತದೆ. ಬೆಳಿಗ್ಗೆ ಹೊರಡುವಾಗ ಹಾಕಿದ ಎಣ್ಣೆಯ ಪಾಲು ಹಿಂಚಕ್ರದ ರಿಮ್ಮಿಗೂ ನಮ್ಮ ಪ್ಯಾಂಟಿಗೂ ಹೋಗುತ್ತದೆ.

ನೆಲಮಂಗಲ ದಾಟಿ ತುಮಕೂರಿನ ಕಡೆ ತಿರುಗಿದ ಮೇಲೆ, ರಾತ್ರಿಯ ಹೊತ್ತು, ಐದನೇ ಗೇರಿಗೆ ಹಾಕಿದರೆ ಕಾಲು ಮತ್ತೆ ಗೇರನ್ನು ಮುಟ್ಟುವುದು ದಾಬಸ್‌ಪೇಟೆಯ ಹತ್ತಿರವೇ. ಐವತ್ತಕ್ಕೆ ಇಳಿದರೂ ಎಂಜಿನ್ ಗೊಣಗದೆ ಎಳೆದುಕೊಂಡು ಹೋಗುತ್ತದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ ಎಂದು (ಆರ್‌ಪಿಎಂ) ತೋರಿಸುವ ಮೀಟರ್ ಇದರಲ್ಲಿಲ್ಲ, ಮುಳ್ಳಿನ ಸ್ಪೀಡೋಮೀಟರ್ ಒಂದೇ. ಎಪ್ಪತ್ತರ ಹತ್ತಿರ ಕನ್ನಡಿಯಲ್ಲಿ ಹಿಂದಿನ ದೀಪಗಳು ಚದುರದೆ ದುಂಡಗೆ ಕಾಣುತ್ತಿದ್ದರೆ ಎಂಜಿನ್ ನೆಮ್ಮದಿಯಲ್ಲಿದೆ ಎಂದು ತಿಳಿಯುತ್ತೇನೆ. ಹಿಂದಿನ ಬೈಕಿನ ಕನ್ನಡಿಯಲ್ಲಿ ಆ ವೇಗಕ್ಕೆ ಲಾರಿ ಯಾವುದು, ಕಾರು ಯಾವುದು ಎಂಬುದೇ ಗೊತ್ತಾಗುತ್ತಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ಕಹಿಯಾದ ಅಧ್ಯಾಯವನ್ನೂ ಹೇಳಬೇಕು. ಎರಡನೇ ವರ್ಷ, ದಾರಿಯಲ್ಲಿ ಅನುಕೂಲವೆಂದು ಹುಡುಕಿಕೊಂಡ ಒಂದು ಸರ್ವಿಸ್ ಸೆಂಟರಿನಲ್ಲಿ ಬೈಕು ಬಿಟ್ಟು, ತೊಳೆದು ಮಿಂಚಿಸಿ ಕೊಟ್ಟದ್ದನ್ನು ಸಂಜೆ ತಂದೆ. ಮರುದಿನ ಕೈಗೆ ಜೋಮು ಮರಳಿ ಬಂದಿತ್ತು. ಕಾಲಿಡುವ ಫುಟ್‌ರೆಸ್ಟ್ ಕೂಡ ಗುಂಯ್‌ಗುಡುತ್ತಿತ್ತು. ವಾಪಸ್ ಹೋಗಿ ಹೇಳಿದರೆ, ಕೌಂಟರಿನಲ್ಲಿದ್ದವರು ತಲೆ ಎತ್ತದೆಯೇ ‘ಓಡಿರೋ ಬೈಕು ಸಾರ್, ವೈಬ್ರೇಷನ್ ಕಾಮನ್ನು, ಎಂಜಿನ್ ಕೆಲಸ ಮಾಡಿಸ್ಬೇಕಾಗುತ್ತೆ’ ಎಂದರು. ಒಂದು ಅಂದಾಜು ಪಟ್ಟಿಯನ್ನೂ ಅಚ್ಚು ಮಾಡಿ ಕೈಗಿತ್ತರು. ಆ ಪಟ್ಟಿಯಲ್ಲಿದ್ದ ಮೊತ್ತ ಒಂದು ತಿಂಗಳ ಮನೆ ಬಾಡಿಗೆಗಿಂತ ಹೆಚ್ಚಿತ್ತು. ಬ್ಯಾಲೆನ್ಸರ್ ಕೆಟ್ಟಿತೇ, ಬೇರಿಂಗ್ ಹೋಯಿತೇ ಎಂಬ ಚಿಂತೆಯಲ್ಲಿ ಬೈಕನ್ನು ಮಾರಿಬಿಡುವ ಯೋಚನೆಯೂ ಬಂದು, ಯೂನಿಕಾರ್ನಿನ ಮೇಲಿದ್ದ ಒಲವೆಲ್ಲ ಒಂದೇ ವಾರದಲ್ಲಿ ಹುಳಿಯಾಗಿತ್ತು.

ಕೊನೆಗೆ ಕ್ಯಾತ್ಸಂದ್ರದಲ್ಲಿ ಮರದ ಕೆಳಗೆ ಕೆಲಸ ಮಾಡುವ ಮೆಕ್ಯಾನಿಕ್ ಒಬ್ಬರು ಸ್ಟ್ಯಾಂಡ್ ಹಾಕಿಸಿ ಚೈನನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ನೋಡಿದರು. ಅದು ಅಲುಗಲೇ ಇಲ್ಲ. ‘ಇಷ್ಟು ಬಿಗಿ ಯಾರಣ್ಣ ಮಾಡಿದ್ದು? ನೀವು ಕೂತ್ರೆ ಇದುಕ್ಕೆ ಉಸಿರೇ ಇರಲ್ಲ’ ಎಂದರು. ಸ್ಟ್ಯಾಂಡಿನ ಮೇಲೆ ನಿಂತ ಬೈಕಿನ ಚೈನು ಸವಾರ ಕೂತಾಗ, ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮ್ ಮೇಲೇರುತ್ತಿದ್ದಂತೆ, ಇನ್ನಷ್ಟು ಎಳೆದುಕೊಳ್ಳುತ್ತದೆ. ಅದಕ್ಕಾಗಿಯೇ ಕೈಪಿಡಿಯಲ್ಲಿ ಇಷ್ಟು ಸಡಿಲ ಬಿಡಿ ಎಂದು ಅಳತೆ ಕೊಟ್ಟಿರುತ್ತಾರೆ. ಆ ಸಡಿಲವನ್ನು ಪೂರ್ತಿ ತೆಗೆದುಬಿಟ್ಟರೆ ಚೈನು, ಅದು ಕೂರುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟು, ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಬೇರಿಂಗು ಮೂರನ್ನೂ ಪ್ರತಿ ಗುಂಡಿಯಲ್ಲೂ ಎಳೆದು ಹಿಂಸಿಸಿದಂತೆ. ಎರಡೂ ಚಕ್ರಗಳಿಗೆ ಕಾರಿನಷ್ಟು ಗಾಳಿಯನ್ನೂ ತುಂಬಿ ಕಳಿಸಿದ್ದರು; ಹೊಸದಾಗಿ ಸರ್ವಿಸ್ ಆಗಿದೆಯೆಂಬ ಧೈರ್ಯದಲ್ಲಿ ಆ ವಾರ ಗೇಜನ್ನು ನಾನು ಮುಟ್ಟಿರಲಿಲ್ಲ. ಆಕ್ಸೆಲ್ ನಟ್ಟು ಸಡಿಲಿಸಿ, ಎರಡೂ ಬದಿಯ ಗುರುತುಗಳನ್ನು ಸರಿದೂಗಿಸಿ, ಗಾಳಿ ಇಳಿಸಿ ಕೊಡುವುದಕ್ಕೆ ಅವರಿಗೆ ಹಿಡಿದದ್ದು ಒಂದು ಚಹಾದ ಹೊತ್ತು. ಹಣ ಕೊಡಲು ಹೋದರೆ ಐವತ್ತು ರೂಪಾಯಿ ಸಾಕೆಂದರು. ಮರುದಿನ ಪೀಣ್ಯದಲ್ಲಿ ಇಳಿದಾಗ ಬೆರಳು ಸರಿಯಾಗಿತ್ತು. ಎಂಜಿನ್ ಬಿಚ್ಚುವ ಆ ಅಂದಾಜು ಪಟ್ಟಿಯನ್ನು ಈಗಲೂ ವಿಮೆ ಪತ್ರದ ಜೊತೆ ಇಟ್ಟಿದ್ದೇನೆ, ಸಿಟ್ಟು ಕಡಿಮೆಯಾಗಬಾರದು ಎಂದು.

ಇಷ್ಟು ಓಡಿಸುವವರ ಸರ್ವಿಸ್ ಲೆಕ್ಕವೇ ಬೇರೆ ಎಂಬುದನ್ನು ಕೊಳ್ಳುವ ಮೊದಲೇ ಅರಿತಿರಬೇಕು. ಊರೊಳಗೆ ಓಡಿಸುವವರಿಗೆ ವರ್ಷಕ್ಕೆ ಎರಡು ಬಾರಿ ಬರುವ ಆರು ಸಾವಿರ ಕಿಲೋಮೀಟರಿನ ಸರ್ವಿಸ್ ನನಗೆ ಎರಡು ತಿಂಗಳಿಗೊಮ್ಮೆ ಬರುತ್ತದೆ. ಆದ್ದರಿಂದ ಬಿಡಿಭಾಗ ಎಷ್ಟು ಅಗ್ಗ, ಪಕ್ಕದ ಅಂಗಡಿಯಲ್ಲಿ ಸಿಗುತ್ತದೆಯೇ, ಮರದ ಕೆಳಗಿನ ಮೆಕ್ಯಾನಿಕ್ಕಿಗೂ ಅದರ ಕೆಲಸ ಗೊತ್ತೇ ಎಂಬ ಪ್ರಶ್ನೆಗಳು ಕುದುರೆಶಕ್ತಿಗಿಂತ ಮುಖ್ಯ. ಯೂನಿಕಾರ್ನ್ ಎಂಬ ಹೆಸರು 2004ರಿಂದ ರಸ್ತೆಯಲ್ಲಿದೆ. ಎಂಜಿನ್ ಬದಲಾದರೂ ಬೈಕಿನ ಸ್ವಭಾವ ಬಲ್ಲವರು ತುಮಕೂರಿನಿಂದ ಪೀಣ್ಯದವರೆಗೆ ಎಲ್ಲೆಡೆ ಸಿಗುತ್ತಾರೆ. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ನಾದ್ದರಿಂದ ರೇಡಿಯೇಟರ್, ಕೂಲಂಟ್ ಎಂಬ ತಾಪತ್ರಯವಿಲ್ಲ. ಏರ್ ಫಿಲ್ಟರ್ ಮಾತ್ರ ಎಣ್ಣೆ ಸವರಿದ ಕಾಗದದ್ದು. ಅದನ್ನು ಗಾಳಿ ಹೊಡೆದು ಸ್ವಚ್ಛ ಮಾಡುವ ಹಾಗಿಲ್ಲ, ಬದಲಿಸಬೇಕು. ಮೆಕ್ಯಾನಿಕ್ಕುಗಳು ಅಭ್ಯಾಸಬಲದಿಂದ ಗಾಳಿ ಹೊಡೆಯಲು ಹೊರಡುತ್ತಾರೆ, ಹತ್ತಿರವೇ ನಿಂತಿರಿ.

ಮೈಸೂರು ಕಡೆಯಿಂದ ಬೆಂಗಳೂರಿಗೆ ಓಡಾಡುವವರು ನನ್ನ ತೀರ್ಮಾನವನ್ನು ಹಾಗೇ ಒಪ್ಪಬೇಕಾಗಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು ಹತ್ತುವಂತಿಲ್ಲ. ಸರ್ವಿಸ್ ರಸ್ತೆಯ ಉಬ್ಬುಗಳು, ಊರಿನ ಅಡ್ಡರಸ್ತೆಗಳು, ದನಕರುಗಳ ನಡುವೆ ಐವತ್ತರಲ್ಲೇ ಸಾಗಬೇಕಾದ ಆ ದಾರಿಗೆ ಒಳ್ಳೆಯ 125 ಸಿಸಿ ಬೈಕು ಸಾಕು, ಉಳಿತಾಯವೂ ಹೆಚ್ಚು. ನನ್ನ ದಾರಿಯಲ್ಲಿ ರಾತ್ರಿ ಓಡಾಟವೂ ಇರುವವರು 2024ರ ಡಿಸೆಂಬರಿನಲ್ಲಿ ಬಂದ ಯೂನಿಕಾರ್ನಿನ ಹೊಸ ಆವೃತ್ತಿಯನ್ನೇ ನೋಡುವುದು ಒಳ್ಳೆಯದು. ಅದರಲ್ಲಿ ಹ್ಯಾಲೊಜೆನ್ ಬದಲು ಎಲ್‌ಇಡಿ ದೀಪ ಬಂದಿದೆ. ಯಾವುದನ್ನೇ ಕೊಳ್ಳುವುದಾದರೂ ಷೋರೂಮಿನ ಸುತ್ತ ಒಂದು ಸುತ್ತು ಹಾಕಿ ಸಹಿ ಹಾಕಬೇಡಿ. ಹೆದ್ದಾರಿಗೆ ಒಯ್ಯಲು ಬಿಡದಿದ್ದರೆ ಅದೇ ಬೈಕು ಇರುವ ಪರಿಚಯದವರನ್ನು ಕೇಳಿ, ಎಪ್ಪತ್ತೈದರ ವೇಗದಲ್ಲಿ ಅರ್ಧ ಗಂಟೆ ಓಡಿಸಿ, ಇಳಿದ ಕೂಡಲೇ ಜೇಬಿನಿಂದ ಒಂದು ನಾಣ್ಯ ತೆಗೆದು ಅದು ಎಷ್ಟು ರೂಪಾಯಿಯದೆಂದು ನೋಡದೆಯೇ ಬೆರಳಿನಿಂದ ಹೇಳಲು ಯತ್ನಿಸಿ.