ಬಾಳೆನಾರು, ಹುಲ್ಲಿನ ಕಾಗದ, ಅಣಬೆ ಅಚ್ಚು: ಊರಿನ ಕೈಗೆ ಕೆಲಸ ಕೊಡುವುದು ಯಾವುದು?

ಬೆಳೆ ತೆಗೆದ ಮೇಲೆ ಉಳಿಯುವುದನ್ನು ಸುಡಬೇಡಿ, ಏನಾದರೂ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಏನು ಮಾಡಿದರೆ ಯಾರ ಕೈಗೆ ದುಡ್ಡು ಸೇರುತ್ತದೆ ಅಂತ ಹೇಳುವವರು ಕಡಿಮೆ. ಅದಕ್ಕೇ ಮೂರನ್ನು ಕೈಯಾರೆ ಮಾಡಿ ನೋಡಿದೆ. ನನ್ನ ಓಟು ಬಾಳೆನಾರಿಗೆ.

ಗೊನೆ ಕೊಟ್ಟ ಬಾಳೆ ಮತ್ತೆ ಗೊನೆ ಬಿಡುವುದಿಲ್ಲ, ಕಡಿಯಲೇಬೇಕು. ಕಾಂಡವನ್ನು ಪಟ್ಟೆ ಪಟ್ಟೆಯಾಗಿ ಬಿಡಿಸಿ, ಹಲಗೆಯ ಮೇಲಿಟ್ಟು, ಮೊಂಡು ಚಾಕುವಿನಿಂದ ಹೆರೆಯಬೇಕು. ಮೊದಲು ಲೋಳೆ ಜಾರಿ ಬರುತ್ತದೆ, ಆಮೇಲೆ ಹೊಳೆಯುವ ಎಳೆಗಳು ಕಾಣುತ್ತವೆ. ಹೊರಪಟ್ಟೆಯ ನಾರು ಒರಟು, ಹಗ್ಗಕ್ಕೆ ಸರಿ. ಒಳಪಟ್ಟೆಯದು ನಯ, ನೇಯ್ಗೆಗೆ ಆಗುತ್ತದೆ. (ರಸ ಬಿದ್ದರೆ ಬಟ್ಟೆಯ ಕಲೆ ಹೋಗುವುದಿಲ್ಲ, ಹಳೇ ಬಟ್ಟೆಯಲ್ಲೇ ಕೂರಿ.) ಸಿಗುವ ನಾರು ಮಾತ್ರ ತೀರಾ ಕಡಿಮೆ. ಕಾಂಡದ ತೂಕದಲ್ಲಿ ಶೇ. 90ರಷ್ಟು ಬರೀ ನೀರು. ಇದನ್ನು ಕೊರತೆ ಅನ್ನುತ್ತಾರೆ, ನನಗೆ ಇದೇ ದೊಡ್ಡ ಗುಣ. ಅಷ್ಟು ನೀರನ್ನು ದೂರದ ಕಾರ್ಖಾನೆಗೆ ಯಾರು ಸಾಗಿಸುತ್ತಾರೆ? ತಡ ಮಾಡಿದರೆ ನಾರಿನ ಬಣ್ಣವೂ ಕೆಡುತ್ತದೆ. ಹಾಗಾಗಿ ಕೆಲಸ ತೋಟದ ಬದಿಯಲ್ಲೇ ನಡೆಯಬೇಕು, ಕೂಲಿಯೂ ಅಲ್ಲೇ ಉಳಿಯುತ್ತದೆ. ನಾಲ್ಕಾರು ಮನೆಯವರು ಸೇರಿ ನಾರು ತೆಗೆಯುವ ಸಣ್ಣ ಯಂತ್ರ ಇಟ್ಟುಕೊಂಡರೆ ತೋಳುನೋವು ತಪ್ಪುತ್ತದೆ. ಉಳಿದ ತಿರುಳು ಗೊಬ್ಬರಕ್ಕೆ.

ಭತ್ತದ ಹುಲ್ಲಿನ ಕಾಗದ ಮಾಡುವುದು ಕಷ್ಟವೇನಲ್ಲ. ಕತ್ತರಿಸಿ, ವಾಷಿಂಗ್ ಸೋಡಾ ಹಾಕಿ ಬೇಯಿಸಿ, ತೊಳೆದು, ಜಜ್ಜಿ, ಜಾಲರಿಯಲ್ಲಿ ಎತ್ತಿದರೆ ಹಾಳೆ ಬರುತ್ತದೆ. ಆದರೆ ಹುಲ್ಲಿನ ನಾರು ಗಿಡ್ಡ, ಸಿಲಿಕಾ (ಮರಳಿನಲ್ಲಿರುವ ಗಡಸು ಅಂಶ) ಜಾಸ್ತಿ. ಒಣಗಿದ ಹಾಳೆ ಪರಪರ ಅನ್ನುತ್ತದೆ, ಮಡಚಿದಲ್ಲಿ ಸೀಳುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ಬೇಯಿಸಿ ಉಳಿದ ಕಂದು ನೀರು. ಅದನ್ನು ಸುಮ್ನೆ ಹಳ್ಳಕ್ಕೆ ಬಿಟ್ಟರೆ ಗದ್ದೆಯ ಕಸ ನೀರಿಗೆ ಹೋಯಿತು ಅಷ್ಟೇ, ಅಲ್ವಾ? ಮೇಲಾಗಿ ಹುಲ್ಲು ದನಕ್ಕೂ ಬೇಕು. ಗದ್ದೆಯಲ್ಲೇ ಸುಡುವ ಕಡೆ ಈ ಕಾಗದ ಒಳ್ಳೇದು, ಮೇವಿಗೆ ಪರದಾಡುವ ಕಡೆ ಬೇಡ.

ಥರ್ಮೋಕೋಲ್ ಬದಲು ಬಳಸುವ ಅಣಬೆ ಅಚ್ಚು ನೋಡಲು ಬೆರಗು. ಬಿಸಿನೀರಿನಲ್ಲಿ ಹದ ಮಾಡಿದ ಹುಲ್ಲಿಗೆ ಅಣಬೆ ಬೀಜ ಬೆರೆಸಿ ಅಚ್ಚಿಗೆ ತುಂಬಿದರೆ, ಬಿಳಿ ಎಳೆಗಳು ಹಬ್ಬಿ ಎಲ್ಲವನ್ನೂ ಬಿಗಿದುಬಿಡುತ್ತವೆ. ಅಂಟು ಬೇಡ. ಕೊನೆಗೆ ಕಾಯಿಸಿ ಒಣಗಿಸಿ ಬೆಳವಣಿಗೆ ನಿಲ್ಲಿಸಬೇಕು. ಹಗುರ, ಪೆಟ್ಟು ತಾಳುತ್ತದೆ, ಮಣ್ಣಿನಲ್ಲಿ ಕೊಳೆಯುತ್ತದೆ. ಅಮೆರಿಕದಲ್ಲಿ 2007ರಲ್ಲಿ ಶುರುವಾದ ಇಕೋವೇಟಿವ್ ಕಂಪನಿ ಇಂಥ ಪ್ಯಾಕಿಂಗ್‌ನಿಂದಲೇ ಹೆಸರು ಮಾಡಿತು. ಆದರೆ ಶುಚಿ ಸ್ವಲ್ಪ ತಪ್ಪಿದರೂ ಹಸಿರು ಬೂಷ್ಟು ಹಿಡಿದು ತುಂಬಿದ್ದೆಲ್ಲ ಹಾಳು. ಅಣಬೆ ಬೆಳೆದು ಪಳಗಿದವರು ಧೈರ್ಯವಾಗಿ ಹಿಡಿಯಬಹುದು, ಹೊಸಬರು ಇದರಿಂದ ಶುರು ಮಾಡುವುದು ಬೇಡ.

ಹುಲ್ಲಿನ ಕಾಗದವನ್ನೇ ಮಾಡುವುದಾದರೆ ಅದಕ್ಕೆ ಸ್ವಲ್ಪ ಬಾಳೆನಾರು ಸೇರಿಸಿ. ಬೆರಳಗಲಕ್ಕೆ ಕತ್ತರಿಸಿ, ಅದೇ ಸೋಡಾ ನೀರಿನಲ್ಲಿ ಬೇಯಿಸಿ, ಚೆನ್ನಾಗಿ ಜಜ್ಜಿ. ಉದ್ದ ಬಿಟ್ಟರೆ ತೊಟ್ಟಿಯಲ್ಲಿ ಗಂಟು ಕಟ್ಟುತ್ತದೆ. ಹಾಳೆ ಮಡಚಿದಲ್ಲಿ ಸೀಳುವುದು ಎಷ್ಟೋ ಕಡಿಮೆಯಾಗುತ್ತದೆ.