ಅಂಡಮಾನಿನಲ್ಲಿ ದೊಡ್ಡ ಮೀನಿಗೆ ಗಾಳ ಹಾಕಲು ಹೊರಟವರು ಮುಂಗಡ ಕಟ್ಟುವ ಮೊದಲು ಇದನ್ನು ಓದಿ

ಅಂಡಮಾನಿನ ಕಡಲಿನಲ್ಲಿ ಗಾಳ ಹಾಕುವ ಆಸೆಯಿಂದ ಎರಡು ದಿನದ ದೋಣಿಗೆ ಪೂರ್ತಿ ಹಣವನ್ನು ಮೊದಲೇ ಕಟ್ಟಿ, ಮೊದಲ ದಿನದ ಮಧ್ಯಾಹ್ನವೇ ಎಂಜಿನ್ ಕೆಟ್ಟು ಎರಡು ಗಂಟೆಗೂ ಹೆಚ್ಚು ಕಾಲ ತೆರೆಗಳ ಮೇಲೆ ತೇಲಿದವರು ನಾವು ಮೂವರು: ನಾನು, ನನ್ನ ಭಾವ ಮತ್ತು ಕಚೇರಿಯ ಒಬ್ಬ ಗೆಳೆಯ. ಮೂವರೂ ಜೀವಸಹಿತ ಮರಳಿದ್ದೇವೆ. ಗೆಳೆಯನ ಬಲಗೈ ಹೆಬ್ಬೆರಳಿನ ಬುಡಕ್ಕೆ ಐದು ಹೊಲಿಗೆ ಬಿದ್ದಿದೆ, ಆ ಬೆರಳು ಇನ್ನೂ ಪೂರ್ತಿಯಾಗಿ ಮಡಚುತ್ತಿಲ್ಲ. ನನ್ನ ಪರಿಚಯದವರಲ್ಲೇ ಹಲವರು ಈಗ ಇಂತಹ ಪ್ರವಾಸಕ್ಕೆ ವಿಚಾರಿಸುತ್ತಿರುವುದರಿಂದ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ವ್ಯವಸ್ಥಾಪಕರ ಹೆಸರನ್ನು ಬೇಕೆಂದೇ ಬರೆದಿಲ್ಲ, ಏಕೆಂದರೆ ಹೆಸರು ಬದಲಾದರೂ ಇದೇ ಷರತ್ತಿನ ಮೇಲೆ ದೋಣಿ ಕೊಡುವವರು ಬೇರೆಯವರೂ ಇರಬಹುದು.

ನಾನು ಮಲ್ಪೆಯ ಕಡೆಯವನು. ನಮ್ಮ ದೊಡ್ಡಪ್ಪ ತಾಂಡೇಲರಾಗಿದ್ದವರು, ಅಂದರೆ ಮೀನುಗಾರಿಕೆ ದೋಣಿಯ ಚುಕ್ಕಾಣಿ ಹಿಡಿಯುತ್ತಿದ್ದವರು. ಅಳಿವೆ ದಾಟುವ ಮೊದಲು ದೋಣಿಯನ್ನು ನಿಧಾನಿಸಿ, ಪಡುವಣದ ಬಾನನ್ನೂ ತೆರೆ ಒಡೆಯುವ ರೀತಿಯನ್ನೂ ನೋಡಿ, ಮನಸ್ಸಿಗೆ ಸರಿ ಬಾರದಿದ್ದರೆ ಡೀಸೆಲ್ ತುಂಬಿಸಿದ ದೋಣಿಯನ್ನೇ ಮರಳಿ ಧಕ್ಕೆಗೆ ಕಟ್ಟುತ್ತಿದ್ದವರು. ಆ ದಿನದ ನಷ್ಟ ಅವರದೇ ಆಗಿರುತ್ತಿತ್ತು. ಅಂತಹ ಮನೆಯಲ್ಲಿ ಬೆಳೆದ ನಾನು ಅಂದು ದೋಣಿ ಹತ್ತಿದ್ದಕ್ಕೆ ಕಾರಣ ಒಂದೇ: ನಾವು ಕಟ್ಟಿದ ಎಪ್ಪತ್ತೆರಡು ಸಾವಿರ ರೂಪಾಯಿ.

ನಾವು ಹೋಗಿದ್ದು ನವೆಂಬರ್ ಕೊನೆಯ ವಾರ. ದರದಲ್ಲಿ ರಿಯಾಯಿತಿ ಇತ್ತು, ಆ ರಿಯಾಯಿತಿ ಏಕಿದೆ ಎಂದು ಯೋಚಿಸುವ ವ್ಯವಧಾನ ನಮಗಿರಲಿಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳಲ್ಲಿ ಎಷ್ಟೋ ಅಂಡಮಾನ್ ಸಮುದ್ರದ ವಾಯುಭಾರ ಕುಸಿತವಾಗಿಯೇ ಹುಟ್ಟುತ್ತವೆ. ಕುಸಿತ ದೂರದಲ್ಲಿದ್ದರೂ ಅದು ಎಬ್ಬಿಸಿದ ತೆರೆ ದ್ವೀಪಗಳವರೆಗೆ ಬರುತ್ತದೆ. ಜಿಟಿ ಎಂದು ಗಾಳದವರು ಕರೆಯುವ ಜೈಂಟ್ ಟ್ರೆವಲಿ ಮೀನಿಗೆ ಗಾಳ ಹಾಕಲು ಶಾಂತ ಕಡಲು ಬೇಕಾದರೆ ಜನವರಿಯಿಂದ ಏಪ್ರಿಲ್‌ವರೆಗಿನ ಕಾಲವನ್ನು ಆರಿಸಿಕೊಳ್ಳಬೇಕು. ಆಗ ದರವೂ ಹೆಚ್ಚಿರುತ್ತದೆ.

ಚಿತ್ರಗಳಲ್ಲಿ ತೋರಿಸಿದ್ದು ಹಿಂಬದಿಯಲ್ಲಿ ಜೋಡಿ ಔಟ್‌ಬೋರ್ಡ್ ಎಂಜಿನ್‌ಗಳಿದ್ದ ಉದ್ದನೆಯ ಫೈಬರ್ ದೋಣಿ. ಬೆಳಿಗ್ಗೆ ಐದೂವರೆಗೆ ಸ್ವರಾಜ್ ದ್ವೀಪದ, ಅಂದರೆ ಹಿಂದಿನ ಹ್ಯಾವ್ಲಾಕಿನ, ಜೆಟ್ಟಿಯಲ್ಲಿ ನಿಂತಿದ್ದು ಅದಕ್ಕಿಂತ ಚಿಕ್ಕದಾದ, ಒಂದೇ ಎಂಜಿನ್ನಿನ ದೋಣಿ. ಇನ್ನೊಂದು ಎಂಜಿನ್ ರಿಪೇರಿಗೆ ಹೋಗಿದೆ, ನಾಳೆ ಬರುತ್ತದೆ ಎಂದರು. ಅದರ ಮೈಮೇಲೆ ಬರೆದಿದ್ದ ಸಂಖ್ಯೆ ಮೀನುಗಾರಿಕೆ ದೋಣಿಯ ನೋಂದಣಿ ಸಂಖ್ಯೆಯಾಗಿತ್ತು. ಪ್ರವಾಸಿಗರನ್ನು ಕೂರಿಸಿಕೊಂಡು ಹೋಗಲು ಬೇಕಾದ ಪರವಾನಗಿಯನ್ನು ತೋರಿಸಿ ಎಂದು ಕೇಳಿದಾಗ ಕಾಗದಗಳೆಲ್ಲ ಕಚೇರಿಯಲ್ಲಿವೆ ಎಂಬ ಉತ್ತರ ಬಂತು. ಇದೇ ದೋಣಿಯಲ್ಲಿ ಎರಡನೆಯ ದಿನ ಬ್ಯಾರನ್ ದ್ವೀಪದವರೆಗೆ ಕರೆದೊಯ್ಯುವುದಾಗಿಯೂ ಹೇಳಿದ್ದರು. ಭಾರತದ ಏಕೈಕ ಜೀವಂತ ಜ್ವಾಲಾಮುಖಿಯಿರುವ ಆ ದ್ವೀಪ ಶ್ರೀ ವಿಜಯಪುರದಿಂದ, ಅಂದರೆ ಹಿಂದಿನ ಪೋರ್ಟ್ ಬ್ಲೇರಿನಿಂದ, ಸುಮಾರು 135 ಕಿಲೋಮೀಟರ್ ದೂರದ ತೆರೆದ ಕಡಲಿನಲ್ಲಿದೆ. ಆ ಮಾತೊಂದೇ ನಮ್ಮನ್ನು ಎಚ್ಚರಿಸಬೇಕಿತ್ತು.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸುವ ಕಡಲ ಮುನ್ಸೂಚನೆಯನ್ನು ನಾನು ಹಿಂದಿನ ರಾತ್ರಿಯೇ ನೋಡಿದ್ದೆ. ಮಧ್ಯಾಹ್ನದ ನಂತರ ಅಲೆಯ ಎತ್ತರ ಎರಡು ಮೀಟರ್ ಮೀರುತ್ತದೆ ಎಂದಿತ್ತು. ಇಲ್ಲೊಂದು ಸಂಗತಿಯನ್ನು ಎಲ್ಲರೂ ತಿಳಿದಿರಬೇಕು. ಮುನ್ಸೂಚನೆಯಲ್ಲಿ ಕೊಡುವ ಎತ್ತರ ಅತಿ ಎತ್ತರದ ಅಲೆಯದಲ್ಲ, ಎದ್ದ ಅಲೆಗಳಲ್ಲಿ ಎತ್ತರವಾದ ಮೂರನೇ ಒಂದು ಭಾಗದ ಸರಾಸರಿ. ಎರಡು ಮೀಟರ್ ಎಂದಿರುವ ದಿನ ನಡುನಡುವೆ ಅದರ ಹೆಚ್ಚುಕಡಿಮೆ ಇಮ್ಮಡಿ ಎತ್ತರದ ತೆರೆಯೊಂದು ಬಂದೇ ಬರುತ್ತದೆ. ದೋಣಿ ನಡೆಸುವವನಿಗೂ ಆ ದಿನ ಹೊರಡಲು ಮನಸ್ಸಿರಲಿಲ್ಲ. ಅವನು ಮಾಲೀಕರಿಗೆ ಫೋನ್ ಮಾಡಿದ. ಹವಾಮಾನದ ಕಾರಣಕ್ಕೆ ನೀವಾಗಿಯೇ ಬೇಡವೆಂದರೆ ಹಣ ಮರಳಿ ಸಿಗುವುದಿಲ್ಲ, ಬಂದರಿನವರು ತಡೆದರೆ ಮಾತ್ರ ಬೇರೆ ದಿನ ಕೊಡುತ್ತೇವೆ ಎಂದು ಅವರು ನಮಗೇ ಹೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಇಷ್ಟು ದೂರ ಬಂದು ಸುಮ್ಮನೆ ಹೋಗುವುದೇ ಭಾವ?" ಎಂದವನು ನಾನೇ.

ಹನ್ನೊಂದರವರೆಗೆ ಎಲ್ಲವೂ ಚೆನ್ನಾಗಿತ್ತು. ಬಂಡೆಸಾಲು ಮುಗಿದು ನೀರಿನ ಬಣ್ಣ ಒಮ್ಮೆಲೇ ಕಡುನೀಲಿಯಾಗುವ ಅಂಚಿನ ಮೇಲೆ ಪಾಪರ್ ಎಸೆಯುತ್ತಿದ್ದೆವು. ಪಾಪರ್ ಎಂದರೆ ನೀರಿನ ಮೇಲ್ಮೈಯಲ್ಲಿ ಸದ್ದು ಮಾಡುತ್ತ ಬರುವ ಮರದ ಹುಸಿಮೀನು, ನೂರೈವತ್ತು ಗ್ರಾಂ ತೂಗುವ ಅದರ ಹೊಟ್ಟೆಗೂ ಬಾಲಕ್ಕೂ ಮೂರು ಮೊನೆಯ ಕೊಕ್ಕೆಗಳಿರುತ್ತವೆ. ಭಾವನ ಗಾಳಕ್ಕೆ ಇಪ್ಪತ್ತು ಕಿಲೋದಷ್ಟು ತೂಗುವ ಜಿಟಿ ಬಿತ್ತು. ಅದನ್ನು ದೋಣಿಯ ಪಕ್ಕಕ್ಕೆ ತರಲು ಕಾಲು ಗಂಟೆ ಹಿಡಿಯಿತು. ಹಿಡಿದ ಮೀನನ್ನು ಜೀವಸಹಿತ ಮರಳಿ ಬಿಡುತ್ತೇವೆ ಎಂಬ ಒಪ್ಪಂದದ ಮೇಲೆ ನಾವು ಹೋಗಿದ್ದೆವು. ಹಾಗೆ ಬಿಡುವವರು ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿರುತ್ತಾರೆ. ಇವರ ಕೊಕ್ಕೆಗಳಲ್ಲಿ ಮುಳ್ಳು ಹಾಗೆಯೇ ಇತ್ತು. ಬಲೆಚೀಲವೂ ಇರಲಿಲ್ಲವಾದ್ದರಿಂದ ಮೀನನ್ನು ಬಾಲ ಹಿಡಿದು ಮೇಲೆತ್ತಿದರು. ಅದು ಒಮ್ಮೆ ಕೊಡವಿದ್ದೇ ತಡ, ಪಾಪರಿನ ಬಾಲದ ಕೊಕ್ಕೆ ಗೆಳೆಯನ ಹೆಬ್ಬೆರಳಿನ ಬುಡಕ್ಕೆ ನಾಟಿತು, ಹೊಟ್ಟೆಯ ಕೊಕ್ಕೆ ಮೀನಿನ ದವಡೆಯಲ್ಲೇ ಇತ್ತು. ಮೀನು ಬಡಿದುಕೊಂಡಷ್ಟೂ ಮುಳ್ಳು ಅವನ ಅಂಗೈಯೊಳಗೆ ಇಳಿಯುತ್ತಿತ್ತು. ಅಂತಹ ದಪ್ಪ ಕೊಕ್ಕೆಯನ್ನು ಕತ್ತರಿಸಲು ಬೋಲ್ಟ್ ಕಟರ್ ಬೇಕು. ದೋಣಿಯಲ್ಲಿ ಇದ್ದದ್ದು ತುಕ್ಕು ಹಿಡಿದ ಸಣ್ಣ ಇಕ್ಕಳ. ಭಾವ ಒದ್ದೆ ಟವೆಲ್ಲನ್ನು ಮೀನಿನ ಕಣ್ಣಿನ ಮೇಲೆ ಹೊದಿಸಿ ಮಂಡಿಯೂರಿ ಅದನ್ನು ಅದುಮಿ ಹಿಡಿದರು, ದೋಣಿಯ ಹುಡುಗ ಕೊಕ್ಕೆಯನ್ನು ಪಾಪರಿಗೆ ಕಟ್ಟಿದ್ದ ಉಂಗುರವನ್ನು ಉಗುರಿನಿಂದ ಬಿಡಿಸಿದ. ಮೀನು ಬದುಕಲಿಲ್ಲ.

ಕೈಗೆ ಬಟ್ಟೆ ಸುತ್ತಿ ಮರಳಿ ಹೊರಟಾಗ ಗಾಳಿ ಬಲವಾಗಿತ್ತು. ಅರ್ಧ ಗಂಟೆಯೊಳಗೆ ಎಂಜಿನ್ ಕೆಮ್ಮಿ ನಿಂತಿತು. ಪೆಟ್ರೋಲಿನಲ್ಲಿ ಸೇರಿದ ನೀರು ಟ್ಯಾಂಕಿನ ತಳದಲ್ಲಿ ಕೂತಿರುತ್ತದೆ. ಕಡಲು ಶಾಂತವಾಗಿರುವಾಗ ಅದು ಅಲ್ಲಿಯೇ ಇರುತ್ತದೆ, ದೋಣಿ ಎದ್ದುಬಿದ್ದು ಕುಲುಕತೊಡಗಿದಾಗ ಕಲಕಿ ಎಂಜಿನ್ನಿಗೆ ಹೋಗುತ್ತದೆ. ಆದ್ದರಿಂದಲೇ ಎಂಜಿನ್ ಹೆಚ್ಚಾಗಿ ಕೈಕೊಡುವುದು ಅದು ಅತ್ಯಗತ್ಯವಾಗಿ ಬೇಕಾದ ಹೊತ್ತಿನಲ್ಲಿ. ನೀರನ್ನು ಬೇರ್ಪಡಿಸುವ ಫಿಲ್ಟರಿನ ಕೆಳಗೆ ಪಾರದರ್ಶಕ ಬಟ್ಟಲಿರುತ್ತದೆ. ಹೊರಡುವ ಮೊದಲು ಅದರಲ್ಲಿ ನೀರು ಕೂತಿದೆಯೇ ಎಂದು ಯಾರು ಬೇಕಾದರೂ ನೋಡಬಹುದಿತ್ತು.

ನಿಂತ ದೋಣಿ ತೆರೆಗೆ ಅಡ್ಡಲಾಗಿ ತಿರುಗುತ್ತದೆ, ಮಗುಚುವ ಭಯವಿರುವುದು ಆಗಲೇ. ಅಲ್ಲಿ ನೀರು ಎಷ್ಟು ಆಳವೆಂದರೆ ಲಂಗರಿನ ಹಗ್ಗ ನೆಲ ಮುಟ್ಟಲಿಲ್ಲ. ಎರಡು ಬಕೆಟ್‌ಗಳನ್ನು ಹಗ್ಗಕ್ಕೆ ಕಟ್ಟಿ ಮುಂಭಾಗದಿಂದ ನೀರಿಗೆ ಬಿಟ್ಟೆವು. ಅವು ನೀರನ್ನು ಹಿಡಿದು ಎಳೆದಿದ್ದರಿಂದ ದೋಣಿಯ ಮೂತಿ ಗಾಳಿಯ ಕಡೆಗೆ ತಿರುಗಿತು. ದೊಡ್ಡಪ್ಪ ಯಾವಾಗಲೋ ಹೇಳಿದ್ದ ಆ ಒಂದು ಉಪಾಯ ನಮ್ಮನ್ನು ಉಳಿಸಿತು ಎಂದೇ ನಂಬಿದ್ದೇನೆ. ಜೀವರಕ್ಷಕ ಜಾಕೆಟ್‌ಗಳು ಮುಂದಿನ ಪೆಟ್ಟಿಗೆಯಲ್ಲಿ, ಐಸ್ ಬಾಕ್ಸಿನ ಅಡಿಯಲ್ಲಿದ್ದವು. ಐದು ಜನರಿಗೆ ಮೂರು. ಬೇರೆ ದೋಣಿಗಳೊಂದಿಗೂ ದಡದೊಂದಿಗೂ ಮಾತಾಡುವ ವಿಎಚ್‌ಎಫ್ ರೇಡಿಯೊದ ಬ್ಯಾಟರಿ ಸತ್ತಿತ್ತು, ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕೊನೆಗೆ, ಅಲ್ಲಿನವರು ಡುಂಗಿ ಎನ್ನುವ ಮೀನುಗಾರರ ದೋಣಿಯೊಂದು ಗೆಳೆಯ ಬೀಸಿದ ಕೆಂಪು ಅಂಗಿಯನ್ನು ಕಂಡು ಹತ್ತಿರ ಬಂದು ಹಗ್ಗ ಎಸೆಯಿತು. ಆ ಮೀನುಗಾರರು ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

ನೀವು ಹೋಗುವುದಾದರೆ ಬೇರೆಲ್ಲಕ್ಕಿಂತ ಮೊದಲು ಒಂದು ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ: ಕಡಲು ಸರಿಯಿಲ್ಲವೆಂದು ದೋಣಿ ನಡೆಸುವವನಾಗಲಿ ನೀವಾಗಲಿ ಹೇಳಿದರೆ ಹಣ ಮರಳಿ ಬರಬೇಕು ಅಥವಾ ದಿನ ಬದಲಾಗಬೇಕು. ಅದಕ್ಕೆ ಒಪ್ಪದವರ ದೋಣಿ ಎಷ್ಟು ಚೆನ್ನಾಗಿದ್ದರೂ ಬೇಡ, ಏಕೆಂದರೆ ಆ ಷರತ್ತು ಇಲ್ಲದಿದ್ದರೆ ಹೊರಡಬೇಕೋ ಬೇಡವೋ ಎಂಬುದನ್ನು ನೀವು ಕಟ್ಟಿದ ಹಣವೇ ತೀರ್ಮಾನಿಸುತ್ತದೆ. ಜೆಟ್ಟಿಯಲ್ಲಿ ರೇಡಿಯೊವನ್ನು ಆಪತ್ತಿನ ಕರೆಗೆ ಬಳಸುವ 16ನೇ ಚಾನೆಲ್ಲಿಗೆ ಹಾಕಿ ಯಾರಾದರೂ ಉತ್ತರ ಕೊಡುವವರೆಗೆ ದೋಣಿ ಹತ್ತಬೇಡಿ. ಜಾಕೆಟ್ಟನ್ನು ಹೊರಡುವಾಗಲೇ ತೊಟ್ಟುಕೊಳ್ಳಿ. ಇಂಧನದಲ್ಲಿ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಆಪತ್ತಿಗೆ ಎಂಬ ಲೆಕ್ಕವಿದೆಯೇ ಎಂದು ಕೇಳಿ. ಗಾಳ ಹಾಕುವ ಜಾಗ ಯಾವುದೆಂದೂ ಕೇಳಿ. 1983ರಲ್ಲಿ ಸ್ಥಾಪನೆಯಾದ, ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗೆ ಮೀನು ಹಿಡಿಯುವುದು ಅಪರಾಧ, ಯಾರೂ ನೋಡುವುದಿಲ್ಲ ಎಂದು ಕರೆದೊಯ್ದವರ ಜೊತೆ ನೀವೂ ಸಿಕ್ಕಿಬೀಳುತ್ತೀರಿ.

ಮನೆಯಲ್ಲಿರುವ ಒಬ್ಬರಿಗೆ ದೋಣಿಯ ಸಂಖ್ಯೆ, ಹೋಗುವ ದಿಕ್ಕು ಮತ್ತು ಮರಳುವ ಹೊತ್ತನ್ನು ತಿಳಿಸಿ, ಆ ಹೊತ್ತು ಮೀರಿದರೆ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಲು ಹೇಳಿಡಿ. ಅಂದು ಸಂಜೆ ಏಳರವರೆಗೂ ಅಕ್ಕ ನಮ್ಮ ಫೋನಿಗಾಗಿ ಕಾಯುತ್ತ ಕೂತಿದ್ದಳು. ನಾವು ಯಾವ ದೋಣಿಯಲ್ಲಿ ಹೋಗಿದ್ದೇವೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ, ಯಾರಿಗೆ ಕರೆ ಮಾಡಬೇಕೆಂಬುದೂ ಗೊತ್ತಿರಲಿಲ್ಲ.